ಹಳ್ಳಿಯ ಹಲ್ಲುನೋವಿಗೆ ಪರಿಹಾರವೆಲ್ಲಿ?

'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ಗಾದೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ದೊರೆಯಬೇಕಾದುದು ದೊರೆಯಬೇಕಾದ ಕಾಲಕ್ಕೆ ದೊರೆಯದೆಂಬ ಬಾಳಿನ ವಿಪರ್ಯಾಸವನ್ನು ಸೂಚಿಸಲು ಹಿರಿಯರು ಇದನ್ನು ಹೇಳುತ್ತಿದ್ದರು. ಗ್ರಾಮಾಂತರ ಪ್ರದೇಶದ ಬಡ ಕುಟುಂಬಗಳ ಪಾಲಿಗಾದರೋ ಇದು ಅಕ್ಷರಶಃ ಸತ್ಯವಾಗಿದೆ. ಐವತ್ತು ದಾಟುವುದರೊಳಗೆ ಬಾಯಿ ಬೋಳಾಗಿ, ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವ ತಾಯಂದಿರನ್ನು ನಾವು ಊರೂರಿನಲ್ಲಿ ಕಂಡಿದ್ದೇವೆ. ಅವರನ್ನು ಕೇಳಿದರೆ 'ವಯಸ್ಸಾಯಿತಲ್ಲ' ಎನ್ನುತ್ತಾರೆ. ಆದರೆ ಹಲ್ಲು ಬೀಳಲು ವಯಸ್ಸೊಂದೇ ಕಾರಣವೆಂಬುದು ತಪ್ಪು ತಿಳಿವಳಿಕೆ. ಬಹುಮಟ್ಟಿಗೆ ಹುಳುಕು ಮತ್ತು ವಸಡಿನ ರೋಗ ಇವೆರಡೇ ಹಲ್ಲುಗಳನ್ನು ಕಳೆಯುತ್ತವೆ. ಇವೆರಡನ್ನೂ ತಡೆಯುವ ಉಪಾಯ ಮನುಷ್ಯನ ಕೈಯಲ್ಲಿದೆ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಡೆದ ದಂತ ತಪಾಸಣಾ ಶಿಬಿರಕ್ಕೆ ನಾವು ಹೋಗಿದ್ದೆವು. ದೀಪ ಬೆಳಗಿಸಿದ್ದಾಯಿತು, ಭಾಷಣಗಳಾದವು. ಭಾಷಣ ಮಾಡಿದವರಲ್ಲಿ ನಾವೂ ಒಬ್ಬರು. ತರುಣ ವೈದ್ಯರು ಶ್ರದ್ಧೆಯಿಂದ ಮಕ್ಕಳ ಬಾಯಿ ನೋಡಿ, ಹುಳುಕು ಹಲ್ಲಿದ್ದವರ ಹೆಸರು ಬರೆದು, 'ಇವರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿರಿ' ಎಂದು ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಕೈಗಿತ್ತರು. ಮರುವರ್ಷ ಬೇರೊಂದು ಕಾರ್ಯಕ್ಕಾಗಿ ಅದೇ ಶಾಲೆಗೆ ಹೋದಾಗ ಆ ಪಟ್ಟಿಯ ವಿಷಯ ಕೇಳಿದೆವು. ಅದು ಬೀರುವಿನಲ್ಲಿ ಭದ್ರವಾಗಿತ್ತು. ಅದರಲ್ಲಿದ್ದ ಒಂದು ಮಗುವೂ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಒಬ್ಬ ಬಾಲಕಿಯನ್ನು ಕರೆಸಿದರು. ಹಿಂದಿನ ವರ್ಷ ಕುಳಿಯಿದ್ದ ದವಡೆಹಲ್ಲಿನ ಜಾಗ ಈಗ ಬರಿದಾಗಿತ್ತು. ರಾತ್ರಿಯೆಲ್ಲ ನೋವಿನಿಂದ ಅತ್ತ ಮಗುವನ್ನು ತಂದೆ ಮರುದಿನ ಪೇಟೆಗೆ ಕರೆದೊಯ್ದು ಹಲ್ಲು ಕೀಳಿಸಿಕೊಂಡು ಬಂದಿದ್ದನು. ಮಗುವಿಗೆ ಆಗ ಹತ್ತು ವರ್ಷ. ಹೋದದ್ದು ಮತ್ತೆ ಹುಟ್ಟುವ ಹಾಲುಹಲ್ಲಲ್ಲ, ಬಾಳಿನುದ್ದಕ್ಕೂ ಇರಬೇಕಾದ ಹಲ್ಲು.

ಇದರಲ್ಲಿ ತಪ್ಪು ಯಾರದು? ಆ ತಂದೆಯನ್ನು ದೂರುವುದು ಸುಲಭ. ಆದರೆ ಅವನ ಲೆಕ್ಕವನ್ನು ನಾವೂ ಹಾಕಿ ನೋಡಬೇಕು. ಆಸ್ಪತ್ರೆಗೆ ಹೋಗುವುದೆಂದರೆ ಅವನಿಗೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ತಾಯಿಯೂ ಬಂದರೆ ಇಬ್ಬರ ಕೂಲಿ. ಮೇಲೆ ಬಸ್ಸಿನ ಖರ್ಚು, ಸರದಿಯಲ್ಲಿ ಕಾಯುವುದು, ವೈದ್ಯರು ರಜೆಯಲ್ಲಿದ್ದರೆ ಬರಿಗೈಯಲ್ಲಿ ಹಿಂದಿರುಗುವುದು. ನೋವಿಲ್ಲದ ಕುಳಿಗಾಗಿ ಯಾರು ಇಷ್ಟು ತ್ಯಾಗ ಮಾಡುತ್ತಾರೆ? ನೋವು ಬಂದ ಮೇಲೆ ಹೋದರೆ ಹಲ್ಲನ್ನು ಉಳಿಸಲು ರೂಟ್ ಕೆನಾಲ್ ಚಿಕಿತ್ಸೆ ಬೇಕು. ಅದಕ್ಕೆ ಹಲವು ವೇಳೆ ಎರಡು ಮೂರು ಭೇಟಿ, ಅನಂತರ ಹಲ್ಲಿನ ಮೇಲೆ ಕವಚ. ಕೀಳುವುದಾದರೆ ಒಂದೇ ಭೇಟಿ, ಅಲ್ಪ ಹಣ. ಆದಕಾರಣ ನಗರದ ಮಗುವಿನ ಹಲ್ಲು ತುಂಬಿಸಲ್ಪಡುತ್ತದೆ, ಹಳ್ಳಿಯ ಬಡ ಮಗುವಿನ ಹಲ್ಲು ಕೀಳಲ್ಪಡುತ್ತದೆ. ರೋಗ ಒಂದೇ ಆದರೂ ಚಿಕಿತ್ಸೆ ಎರಡಾಯಿತು. ಈ ತಾರತಮ್ಯವೇ ನಮ್ಮ ಇಂದಿನ ಲೇಖನದ ವಿಷಯ.

ಹುಳುಕು ಹೇಗೆ ಹುಟ್ಟುತ್ತದೆ?

ಹಲ್ಲಿನಲ್ಲಿ ಹುಳು ಹೊಕ್ಕು ಕೊರೆಯುತ್ತದೆಂದು ನಮ್ಮ ಪೂರ್ವಿಕರು ನಂಬಿದ್ದರು. ಗುಳ್ಳದ ಬೀಜದ ಹೊಗೆ ಹಿಡಿದು ಹುಳು ತೆಗೆಯುವೆವೆನ್ನುವವರು ಈಗಲೂ ಕೆಲವೆಡೆ ಇದ್ದಾರೆ. ನಿಜವಾಗಿ ಅಲ್ಲಿ ಕಣ್ಣಿಗೆ ಕಾಣುವ ಹುಳುವಿಲ್ಲ. ಬಾಯಲ್ಲಿ ಸಹಜವಾಗಿ ವಾಸಿಸುವ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆಯನ್ನು ಆಮ್ಲವನ್ನಾಗಿ ಪರಿವರ್ತಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ನಮ್ಮ ದೇಹದಲ್ಲಿ ಎಲುಬಿಗಿಂತಲೂ ಗಟ್ಟಿಯಾದುದು ಈ ಕವಚ. ಆದರೂ ಅದು ದಿನದಿನದ ಆಮ್ಲದ ಮುಂದೆ ನಿಲ್ಲದು. ಒಮ್ಮೆ ಕುಳಿ ಬಿದ್ದ ಮೇಲೆ ಚರ್ಮದ ಗಾಯದಂತೆ ಅದು ತಾನಾಗಿ ಮಾಯುವುದೂ ಇಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಎಷ್ಟು ಸಿಹಿ ತಿಂದೆವು ಎಂಬುದರಷ್ಟೇ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ. ಪ್ರತಿಸಲ ಸಿಹಿ ತಿಂದಾಗಲೂ ಸುಮಾರು ಅರ್ಧ ಗಂಟೆಯವರೆಗೆ ಆಮ್ಲದ ದಾಳಿ ನಡೆಯುತ್ತದೆ. ಹಿಂದಿನ ಕಾಲದಲ್ಲಿ ಹಬ್ಬಕ್ಕೊಮ್ಮೆ ಹೋಳಿಗೆಯಿತ್ತು, ಊಟದೊಡನೆ ಅದು ಮುಗಿಯುತ್ತಿತ್ತು. ಇಂದು ಹಳ್ಳಿಯ ಚಿಕ್ಕ ಅಂಗಡಿಯಲ್ಲಿಯೂ ಬಣ್ಣದ ಚೀಟಿಯ ಚಾಕೊಲೇಟು, ಕ್ರೀಂ ಬಿಸ್ಕತ್ತು ತೂಗಾಡುತ್ತಿವೆ. ಅಳುವ ಮಗುವಿನ ಕೈಗೆ ಅದನ್ನಿತ್ತು ತಾಯಿ ಹೊಲಕ್ಕೆ ಹೋಗುತ್ತಾಳೆ. ಪೇಟೆಯ ಸಿಹಿ ಹಳ್ಳಿಯನ್ನು ತಲುಪಿದೆ, ಪೇಟೆಯ ದಂತವೈದ್ಯ ತಲುಪಿಲ್ಲ.

ಭಾರತೀಯ ದಂತವೈದ್ಯ ಪರಿಷತ್ತು ೨೦೦೨-೦೩ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು ೫೨ ಮಂದಿಗೂ, ಹನ್ನೆರಡು ವರ್ಷದವರಲ್ಲಿ ಸುಮಾರು ೫೪ ಮಂದಿಗೂ ಹುಳುಕು ಕಂಡುಬಂದಿತು. ಜಗತ್ತಿನಲ್ಲಿ ಸುಮಾರು ೩೫೦ ಕೋಟಿ ಜನ ಬಾಯಿಯ ಒಂದಲ್ಲ ಒಂದು ರೋಗದಿಂದ ಬಳಲುತ್ತಿರುವರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ವರದಿ ಮಾಡಿತು. ಇಷ್ಟು ವ್ಯಾಪಕವಾದ ರೋಗವನ್ನು 'ಬರೀ ಹಲ್ಲುನೋವು' ಎಂದು ತಳ್ಳಿಹಾಕುವಂತಿಲ್ಲ. ಹುಳುಕಿನ ಸೋಂಕು ಬೇರಿನಾಚೆ ಹಬ್ಬಿ ದವಡೆಯ ಕೆಳಗೆ, ಕುತ್ತಿಗೆಗೆ ಇಳಿದು ಉಸಿರುಗಟ್ಟಿಸಿ ಪ್ರಾಣಕ್ಕೇ ಎರವಾಗುವುದುಂಟು. ಹಲ್ಲುನೋವಿನೊಡನೆ ಗಲ್ಲ ಊದಿ, ಜ್ವರ ಬಂದು, ನುಂಗಲು ಕಷ್ಟವಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆರನೆಯ ವರ್ಷದ ದವಡೆಹಲ್ಲು

ತಾಯಂದಿರು ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ನೆನಪಿಡಬೇಕೆಂದು ನಮ್ಮ ಬಿನ್ನಹ. ಮಗುವಿಗೆ ಸುಮಾರು ಆರು ವರ್ಷ ತುಂಬಿದಾಗ ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆರಡು ಕೆಳಗೆರಡು, ಹೀಗೆ ನಾಲ್ಕು ದವಡೆಹಲ್ಲುಗಳು ಹುಟ್ಟುತ್ತವೆ. ಇವು ಯಾವ ಹಾಲುಹಲ್ಲನ್ನೂ ಬೀಳಿಸಿ ಬರುವುದಿಲ್ಲ, ಸದ್ದಿಲ್ಲದೆ ಹಿಂದಿನಿಂದ ಬರುತ್ತವೆ. ಆದಕಾರಣ ತಾಯಿ ಇವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾಳೆ. ಹುಳುಕು ಕಂಡರೆ 'ಹೇಗೂ ಬೀಳುವ ಹಲ್ಲು' ಎಂದು ಸುಮ್ಮನಾಗುತ್ತಾಳೆ. ವಾಸ್ತವವಾಗಿ ಇವು ಶಾಶ್ವತ ಹಲ್ಲುಗಳು. ಅಗಿಯುವ ಭಾರದ ಬಹುಪಾಲನ್ನು ಹೊರುವ, ಉಳಿದ ಹಲ್ಲುಗಳ ಸಾಲಿಗೆ ಆಧಾರವಾಗುವ ಕಂಬಗಳು. ಇವುಗಳ ಮೇಲ್ಭಾಗದಲ್ಲಿ ಆಳವಾದ ಗೆರೆಗಳಿರುವುದರಿಂದ ಅನ್ನದಗುಳು ಸಿಕ್ಕಿಕೊಂಡು ಹುಳುಕು ಮೊದಲು ಹಿಡಿಯುವುದೂ ಇವಕ್ಕೇ. ನಾವು ಮೇಲೆ ಹೇಳಿದ ಬಾಲಕಿ ಕಳೆದುಕೊಂಡದ್ದು ಈ ಹಲ್ಲನ್ನೇ.

ಹಾಲುಹಲ್ಲಿನ ವಿಷಯದಲ್ಲಿಯೂ ಅಲಕ್ಷ್ಯ ಸಲ್ಲದು. ನೋವಿರುವ ಮಗು ಸರಿಯಾಗಿ ಉಣ್ಣದು, ನಿದ್ರಿಸದು, ಪಾಠದ ಕಡೆಗೆ ಮನಸ್ಸು ಕೊಡದು. ಹಾಲುಹಲ್ಲು ಅಕಾಲದಲ್ಲಿ ಹೋದರೆ ಮುಂದೆ ಬರುವ ಹಲ್ಲು ದಾರಿತಪ್ಪಿ ಅಡ್ಡಾದಿಡ್ಡಿಯಾಗಿ ಹುಟ್ಟುತ್ತದೆ.

ನೀರು ಮತ್ತು ತಂಬಾಕು

ನಮ್ಮ ನಾಡಿನ ಬಯಲುಸೀಮೆಯ ಹಳ್ಳಿಗಳಲ್ಲಿ ಇನ್ನೊಂದು ತೊಂದರೆಯಿದೆ. ಪಾವಗಡ, ಮುಂಡರಗಿ, ಕೋಲಾರ, ರಾಯಚೂರು ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇಂತಹ ನೀರು ಕುಡಿದ ಮಕ್ಕಳ ಹಲ್ಲುಗಳು ಕಂದು ಕಲೆಗಳೊಡನೆಯೇ ಹುಟ್ಟುತ್ತವೆ. ಎಷ್ಟು ಉಜ್ಜಿದರೂ ಆ ಕಲೆ ಹೋಗದು. ಮದುವೆಯ ವಯಸ್ಸಿನ ಹೆಣ್ಣುಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುವುದನ್ನು ಕಂಡು ನಮ್ಮ ಮನಸ್ಸು ನೊಂದಿದೆ. ಇದಕ್ಕೆ ಪರಿಹಾರ ದಂತವೈದ್ಯರ ಕುರ್ಚಿಗಿಂತ ಮೊದಲು ಕುಡಿಯುವ ನೀರಿನಲ್ಲಿದೆ. ಶುದ್ಧೀಕರಿಸಿದ ನೀರನ್ನಾಗಲಿ, ಮಳೆಯ ನೀರನ್ನಾಗಲಿ ಕನಿಷ್ಠ ಪಕ್ಷ ಗರ್ಭಿಣಿಯರಿಗೂ ಮಕ್ಕಳಿಗೂ ಮೀಸಲಿಡಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬುದನ್ನು ಮರೆಯಬಾರದು.

ತಂಬಾಕಿನ ಕೇಡು ಇದಕ್ಕಿಂತ ಘೋರವಾದುದು. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಹೆಂಗಸರು ಹುರಿದ ತಂಬಾಕಿನ ಪುಡಿಯಿಂದ, ಅಂದರೆ ಮಿಶ್ರಿಯಿಂದ, ಹಲ್ಲುಜ್ಜುವ ರೂಢಿಯಿದೆ. ಅದು ನೋವನ್ನು ಕ್ಷಣಕಾಲ ಮರೆಸುತ್ತದೆ, ಅಭ್ಯಾಸವನ್ನು ಮಾತ್ರ ಬಾಳಿನುದ್ದಕ್ಕೂ ಉಳಿಸುತ್ತದೆ. ೨೦೧೬-೧೭ರ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ೨೧ ಜನ ಹೊಗೆರಹಿತ ತಂಬಾಕನ್ನು ಬಳಸುತ್ತಿದ್ದರು. ಕರ್ನಾಟಕ ಸರ್ಕಾರ ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೂ ಪಾನ್ ಮಸಾಲೆಯ ಚೀಟಿಯನ್ನೂ ತಂಬಾಕಿನ ಚೀಟಿಯನ್ನೂ ಬೇರೆಬೇರೆಯಾಗಿ ಕೊಂಡು ಬೆರೆಸುವ ಜಾಣತನ ನಮ್ಮ ತರುಣರಿಗೆ ಬಂದಿದೆ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಮೂರು ವಾರ ಕಳೆದರೂ ಮಾಯದ ಹುಣ್ಣು, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲಾಗದಿರುವುದು, ಇವು ಕಂಡರೆ ಅದು ಅರ್ಬುದದ ಮುನ್ಸೂಚನೆಯಾಗಿರಬಹುದು. ಬೇಗನೆ ಕಂಡುಹಿಡಿದರೆ ಜೀವ ಉಳಿಯುವ ಸಂಭವ ಬಹಳ ಹೆಚ್ಚು.

ವೈದ್ಯರಿದ್ದಾರೆ, ಸೇತುವೆಯಿಲ್ಲ

ದೇಶದಲ್ಲಿ ದಂತವೈದ್ಯರ ಕೊರತೆಯಿದೆಯೆಂಬ ಮಾತನ್ನು ಈಗ ಹೇಳುವಂತಿಲ್ಲ. ೧೯೨೦ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜು ಆರಂಭವಾಯಿತು. ಇಂದು ದೇಶದಲ್ಲಿ ಮುನ್ನೂರಕ್ಕೂ ಮಿಕ್ಕಿ ಇಂತಹ ಕಾಲೇಜುಗಳಿವೆ. ಇವುಗಳ ಸಂಖ್ಯೆಯಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಷ್ಟು ಹಿಂದೆಯೇ ಹುಟ್ಟಿತು. ದಾವಣಗೆರೆ, ಬೆಳಗಾವಿ, ಧಾರವಾಡ, ಬಾಗಲಕೋಟೆ, ಕಲಬುರಗಿ, ಮೈಸೂರುಗಳಲ್ಲಿಯೂ ಕಾಲೇಜುಗಳಿವೆ. ಇವುಗಳಲ್ಲಿ ಹಲವು ನಮ್ಮ ಸಮಾಜದ ಹಿರಿಯರೂ ಮಠಗಳೂ ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಗಳಿಗೆ ಸೇರಿದವು ಎಂಬುದು ಅಭಿಮಾನದ ಸಂಗತಿ. ಅಭಿಮಾನದೊಡನೆ ಹೊಣೆಯೂ ಬರುತ್ತದೆ.

ಕಲಿತು ಹೊರಬಂದ ವೈದ್ಯರು ಬಹುಪಾಲು ಪಟ್ಟಣದಲ್ಲಿಯೇ ನೆಲೆಸುತ್ತಾರೆ. ಅವರನ್ನು ನಿಂದಿಸುವಂತಿಲ್ಲ. ಕುರ್ಚಿ, ಕೊರೆಯುವ ಯಂತ್ರ, ಕ್ಷಕಿರಣ ಯಂತ್ರ, ಇವಕ್ಕೆಲ್ಲ ಸಾಲ ಮಾಡಿದವನು ವಿದ್ಯುತ್ ನಿಲ್ಲುವ, ಹಣ ಕೊಡಲಾರದ ಊರಿನಲ್ಲಿ ಬದುಕುವುದು ಕಷ್ಟ. ಸರ್ಕಾರಿ ವ್ಯವಸ್ಥೆಯಲ್ಲಿ ದಂತವೈದ್ಯರ ಹುದ್ದೆಗಳಿರುವುದು ಸಾಮಾನ್ಯವಾಗಿ ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಗಳ ಮಟ್ಟದಲ್ಲಿ. ಹಳ್ಳಿಗೆ ಹತ್ತಿರವಾದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರು ಸಿಗುವುದು ಅಪರೂಪ. ಹೀಗೆ ಒಂದು ದಡದಲ್ಲಿ ವೈದ್ಯರು, ಇನ್ನೊಂದು ದಡದಲ್ಲಿ ರೋಗಿಗಳು. ನಡುವಿನ ಹೊಳೆಗೆ ಸೇತುವೆಯಿಲ್ಲ.

ಯಂತ್ರ ಬೇಡದ ಚಿಕಿತ್ಸೆ

ಸಂತೋಷದ ವಿಷಯವೆಂದರೆ, ಹಳ್ಳಿಯ ಶಾಲೆಯ ಬೆಂಚಿನ ಮೇಲೆಯೇ ಮಾಡಬಹುದಾದ ಚಿಕಿತ್ಸೆಗಳನ್ನು ವಿಜ್ಞಾನ ರೂಪಿಸಿದೆ. ೧೯೮೦ರ ದಶಕದ ನಡುವಿನಲ್ಲಿ ಆಫ್ರಿಕದ ತಾಂಜಾನಿಯ ದೇಶದಲ್ಲಿ, ವಿದ್ಯುತ್ತೂ ಯಂತ್ರವೂ ಇಲ್ಲದ ಹಳ್ಳಿಗಳಿಗಾಗಿ ಒಂದು ಕ್ರಮ ಬಳಕೆಗೆ ಬಂದಿತು. ಚಿಕ್ಕ ಕೈಸಲಕರಣೆಯಿಂದ ಕೊಳೆತ ಭಾಗವನ್ನು ಕೆರೆದು ತೆಗೆದು, ಗ್ಲಾಸ್ ಅಯೊನೊಮರ್ ಎಂಬ ಗಾರೆಯಂತಹ ಪದಾರ್ಥದಿಂದ ಕುಳಿಯನ್ನು ಮುಚ್ಚುವುದೇ ಆ ಕ್ರಮ. ಬಹಳ ಸಲ ಚುಚ್ಚುಮದ್ದೂ ಬೇಕಾಗದು. ಬಾಯಿಯ ಆರೋಗ್ಯವನ್ನೇ ವಿಷಯವಾಗಿರಿಸಿಕೊಂಡಿದ್ದ ೧೯೯೪ರ ವಿಶ್ವ ಆರೋಗ್ಯ ದಿನದಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗತ್ತಿನ ಮುಂದಿಟ್ಟಿತು. ಸಣ್ಣ ಕುಳಿಗಳಿಗೆ ಇದು ಚೆನ್ನಾಗಿ ಒದಗುತ್ತದೆ. ದೊಡ್ಡ ಕುಳಿಗಳಲ್ಲಿ ಅಷ್ಟು ಬಾಳಿಕೆ ಬರದು. ಅಂದರೆ ಬೇಗನೆ ನೋಡಿದರೆ ಮಾತ್ರ ಲಾಭ.

ಎರಡನೆಯದು ಬೆಳ್ಳಿಯ ಅಂಶವುಳ್ಳ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ. ಹುಳುಕಿದ ಜಾಗಕ್ಕೆ ಹನಿಯಷ್ಟು ಹಚ್ಚಿದರೆ ಅನೇಕ ವೇಳೆ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಹಚ್ಚಿದ ಕುಳಿ ಕಪ್ಪಾಗುತ್ತದೆಂಬುದೊಂದು ದೋಷ. ಇದನ್ನು ತಾಯ್ತಂದೆಯರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಹಿಂದಿನ ಹಾಲುಹಲ್ಲುಗಳಲ್ಲಿ ಕಪ್ಪು ಕಲೆ ಯಾರಿಗೂ ಕಾಣದು, ನೋವು ತಪ್ಪಿದ್ದು ಮಗುವಿಗೆ ತಿಳಿಯುತ್ತದೆ. ಇವೆರಡು ಪದಾರ್ಥಗಳನ್ನೂ ಫ್ಲೋರೈಡ್ ಪೇಸ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೊಸದಾಗಿ ಹುಟ್ಟಿದ ದವಡೆಹಲ್ಲಿನ ಗೆರೆಗಳನ್ನು ಹುಳುಕು ಹಿಡಿಯುವ ಮೊದಲೇ ತೆಳುವಾದ ಲೇಪದಿಂದ ಮುಚ್ಚುವ ಕ್ರಮವೂ ಇದೆ.

ಇರುವ ಯೋಜನೆಗಳು

ಕೇಂದ್ರ ಸರ್ಕಾರವು ೨೦೧೩ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಭೇಟಿ ನೀಡಿ ಮಕ್ಕಳನ್ನು ಪರೀಕ್ಷಿಸಬೇಕು. ಪರೀಕ್ಷಿಸಬೇಕಾದ ತೊಂದರೆಗಳಲ್ಲಿ ಹಲ್ಲಿನ ಹುಳುಕೂ ಸೇರಿದೆ. ೨೦೧೪-೧೫ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಬಂದಿತು. ಅದೇ ಸುಮಾರಿಗೆ ಕರ್ನಾಟಕ ಸರ್ಕಾರ ದಂತಭಾಗ್ಯ ಯೋಜನೆಯ ಮೂಲಕ ಬಡತನ ರೇಖೆಗಿಂತ ಕೆಳಗಿರುವ, ಹಲ್ಲು ಕಳೆದುಕೊಂಡ ಹಿರಿಯರಿಗೆ ಉಚಿತ ಕೃತಕ ದಂತಪಂಕ್ತಿ ನೀಡಲಾರಂಭಿಸಿತು. ಹಿರಿಯರ ಮನೆಯವರು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಲ್ಲಿ ಇದನ್ನು ವಿಚಾರಿಸಬೇಕು.

ಯೋಜನೆಗಳ ಕೊರತೆಗಿಂತ, ಯೋಜನೆಯಿಂದ ಮನೆಯ ಬಾಗಿಲವರೆಗಿನ ಕೊನೆಯ ಹತ್ತು ಮೈಲಿಯೇ ದೊಡ್ಡ ಕೊರತೆ. ಪಟ್ಟಿ ಬರೆಯುವವರಿದ್ದಾರೆ. ಪಟ್ಟಿಯಲ್ಲಿನ ಮಗುವಿನ ಕೈಹಿಡಿದು ಕರೆದೊಯ್ಯುವವರಿಲ್ಲ.

ನಾವು ಮಾಡಬಹುದಾದುದು

ಈ ಕೊನೆಯ ಹತ್ತು ಮೈಲಿ ಸಮಾಜದ ಪಾಲಿನ ಕೆಲಸ. ಪ್ರತಿ ಊರಿನಲ್ಲಿಯೂ ಒಬ್ಬ ಶಿಕ್ಷಕರೋ, ನಿವೃತ್ತ ನೌಕರರೋ, ಮಹಿಳಾ ಸಂಘದ ಸದಸ್ಯೆಯೋ ಆ ಪಟ್ಟಿಯ ಹೊಣೆ ಹೊರಲಿ. ಆಸ್ಪತ್ರೆಯ ವೈದ್ಯರೊಡನೆ ಮೊದಲೇ ಮಾತನಾಡಿ, ಅವರು ಇರುವ ದಿನವನ್ನು ಖಚಿತಪಡಿಸಿಕೊಂಡು, ಹತ್ತು ಹನ್ನೆರಡು ಮಕ್ಕಳನ್ನು ಒಂದೇ ವಾಹನದಲ್ಲಿ ಕರೆದೊಯ್ಯಲಿ. ತಾಯ್ತಂದೆಯರ ಒಪ್ಪಿಗೆಯನ್ನು ಬರೆಸಿಕೊಳ್ಳಲಿ. ಹತ್ತು ತಂದೆಯರ ಕೂಲಿ ಉಳಿಯುತ್ತದೆ, ಖರ್ಚಾಗುವುದು ಒಂದು ವಾಹನದ ಬಾಡಿಗೆ. ಮದುವೆಯ ಮೆರವಣಿಗೆಗೆ ಸಿಡಿಮದ್ದು ಸುಡುವ ಹಣದಲ್ಲಿ ಇಂತಹ ಹತ್ತು ಪ್ರಯಾಣಗಳಾಗುವವು.

ದೊಡ್ಡವರಿಗೆ ಸಂತೆಯ ದಿನವೇ ಸೂಕ್ತ. ಅಂದು ಹೇಗೂ ತಾಲ್ಲೂಕು ಕೇಂದ್ರಕ್ಕೆ ಹೋಗುತ್ತಾರೆ, ಕೂಲಿ ಕಳೆಯುವ ಪ್ರಶ್ನೆಯಿಲ್ಲ. ಆಸ್ಪತ್ರೆಗಳು ಸಂತೆಯ ದಿನ ದಂತ ವಿಭಾಗವನ್ನು ತಪ್ಪದೆ ತೆರೆದಿಟ್ಟರೆ ಎಷ್ಟೋ ಹಲ್ಲುಗಳು ಉಳಿಯುವವು.

ಕಾಲೇಜುಗಳನ್ನು ನಡೆಸುವ ಸಂಸ್ಥೆಗಳ ಹಿರಿಯರಲ್ಲಿಯೂ ನಮ್ಮದೊಂದು ವಿನಂತಿಯಿದೆ. ನಿಮ್ಮ ಕಾಲೇಜುಗಳಲ್ಲಿ ಸಂಚಾರಿ ದಂತ ಚಿಕಿತ್ಸಾ ವಾಹನಗಳಿವೆ, ತರಬೇತಿಯ ವರ್ಷದಲ್ಲಿರುವ ಉತ್ಸಾಹಿ ತರುಣ ತರುಣಿಯರಿದ್ದಾರೆ. ನೂರು ಊರುಗಳಲ್ಲಿ ಒಂದೊಂದು ದಿನದ ಶಿಬಿರ ನಡೆಸುವುದಕ್ಕಿಂತ ಹತ್ತು ಊರುಗಳನ್ನು ಆಯ್ದುಕೊಂಡು ಆರು ತಿಂಗಳಿಗೊಮ್ಮೆ ಅದೇ ಊರಿಗೆ, ಅದೇ ಮಕ್ಕಳ ಬಳಿಗೆ ಹಿಂದಿರುಗಿರಿ. ನೋಡಿದ ದಿನವೇ, ನೋಡಿದ ಸ್ಥಳದಲ್ಲಿಯೇ ಸಣ್ಣ ಕುಳಿಗಳನ್ನು ಮುಚ್ಚಿರಿ. ಎಷ್ಟು ಮಕ್ಕಳನ್ನು ಪರೀಕ್ಷಿಸಿದೆವು ಎಂದು ವರದಿ ಬರೆಯುವ ಬದಲು ಎಷ್ಟು ಹಲ್ಲುಗಳನ್ನು ಉಳಿಸಿದೆವು ಎಂದು ಬರೆಯಿರಿ.

ಮನೆಯಲ್ಲಿ ಮಾಡಬೇಕಾದುದು ಇನ್ನೂ ಸರಳ. ಇದ್ದಿಲು, ಇಟ್ಟಿಗೆಪುಡಿ, ಮಿಶ್ರಿಗಳನ್ನು ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ದಿನಕ್ಕೆರಡು ಸಲ ಹಲ್ಲುಜ್ಜಬೇಕು. ರಾತ್ರಿ ಮಲಗುವ ಮುನ್ನ ಉಜ್ಜುವುದು ಬಹು ಮುಖ್ಯ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ಮಗು ಅದನ್ನು ನುಂಗದಂತೆ ದೊಡ್ಡವರು ಹತ್ತಿರ ನಿಂತು ನೋಡಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ಚಿಕ್ಕಮಕ್ಕಳ ಪೇಸ್ಟಿನ ವಿಷಯದಲ್ಲಿ ದಂತವೈದ್ಯರ ಸಲಹೆ ಪಡೆಯಲಿ. ಬೇವಿನ ಕಡ್ಡಿಯನ್ನು ನಾವು ಹಳಿಯುವುದಿಲ್ಲ, ಹಿರಿಯರು ಅದರಿಂದಲೇ ಬಾಯಿ ಶುಚಿಯಾಗಿಟ್ಟುಕೊಂಡರು. ಆದರೆ ಅವರ ಕಾಲದಲ್ಲಿ ಈಗಿನಷ್ಟು ಸಕ್ಕರೆಯಿರಲಿಲ್ಲ. ಮಗುವಿನ ಬಾಯಲ್ಲಿ ಸಿಹಿಹಾಲಿನ ಬಾಟಲಿಯನ್ನಿಟ್ಟು ಮಲಗಿಸುವ ಅಭ್ಯಾಸ ಬೇಡ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ, ಹಲ್ಲು ಶುಚಿಗೊಳಿಸಿದರೆ ಸಡಿಲವಾಗುತ್ತದೆ ಎಂಬ ಭೀತಿಗಳಿಗೆ ಆಧಾರವಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ವಸಡಿನ ರೋಗ ಬೇಗ ತಗಲುತ್ತದೆ. ವಸಡು ಕೆಟ್ಟರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದೂ ಕಷ್ಟ. ಅವರು ವರ್ಷಕ್ಕೊಮ್ಮೆಯಾದರೂ ಬಾಯಿ ತೋರಿಸಬೇಕು.

ನಾವು ಕಂಡ ಆ ಬಾಲಕಿ ಈಗ ಹೈಸ್ಕೂಲು ಮುಗಿಸಿದ್ದಾಳೆಂದು ಕೇಳಿದ್ದೇವೆ. ಅವಳ ಬಾಯಲ್ಲಿ ಆ ಒಂದು ಜಾಗ ಬರಿದಾಗಿಯೇ ಇರಬೇಕು. ಅಂದು ವೇದಿಕೆಯ ಮೇಲೆ ಕುಳಿತು ಭಾಷಣ ಮಾಡಿದ ನಾವು, ಇಳಿದು ಬಂದು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದರೆ ಅವಳ ಹಲ್ಲು ಉಳಿಯುತ್ತಿತ್ತು. ಈ ಮಾತನ್ನು ಯಾರನ್ನೂ ಆಕ್ಷೇಪಿಸಲು ಹೇಳುತ್ತಿಲ್ಲ, ನಮ್ಮನ್ನೇ ಕುರಿತು ಹೇಳಿಕೊಳ್ಳುತ್ತಿದ್ದೇವೆ. ಅನ್ನಕ್ಕೂ ಅಕ್ಷರಕ್ಕೂ ಕೈಯೆತ್ತಿ ಕೊಟ್ಟ ಸಮಾಜ ನಮ್ಮದು. ಆ ಅನ್ನವನ್ನು ಅಗಿದು ಉಣ್ಣುವ ಹಲ್ಲು ಬಡವನ ಮಗುವಿನ ಬಾಯಲ್ಲಿಯೂ ಉಳಿಯಬೇಕು. ಈ ಸಂಚಿಕೆ ಓದಿ ಮುಗಿಸಿದ ಮೇಲೆ, ಮನೆಯ ಆರು ವರ್ಷದ ಮಗುವನ್ನು ಬೆಳಕಿನತ್ತ ತಿರುಗಿಸಿ ಬಾಯಿ ತೆರೆಸಿ ಹಿಂದಿನ ದವಡೆಹಲ್ಲನ್ನು ನೋಡಿರಿ. ಅನಂತರ ನಿಮ್ಮ ಹೊಲದಲ್ಲಿ ದುಡಿಯುವವರ ಮಗುವಿನ ಬಾಯನ್ನೂ ನೋಡಿರಿ.